ಅತ್ತೆ ಹಡಗಿನ ಪಂಪು

ಮಧ್ಯಾಹ್ನ ಊಟದ ಹೊತ್ತಿಗೆ ಹಿಡಿದ ಮಳೆ ದೀಪ ಹಾಕುವ ಹೊತ್ತಾದರೂ ಬಿಟ್ಟಿರಲಿಲ್ಲ. ಬಂದರಿನ ಕಟ್ಟೆಯ ಮೇಲೆ ಕ್ರೇನು ಕತ್ತು ಬಗ್ಗಿಸಿಕೊಂಡು ಸುಮ್ಮನೆ ನಿಂತಿತ್ತು. ಹಡಗಿನ ಹೊಟ್ಟೆಯಲ್ಲಿ ಇನ್ನೂ ಅರ್ಧ ಸಿಮೆಂಟು ಉಳಿದಿತ್ತು. ಮಳೆಯಲ್ಲಿ ಸಿಮೆಂಟು ಇಳಿಸುವಂತಿಲ್ಲ, ಮಳೆ ನಿಂತ ಕೂಡಲೇ ಇಳಿಸಬೇಕಾದ್ದರಿಂದ ಮನೆಗೆ ಹೋಗುವಂತೆಯೂ ಇಲ್ಲ. ಹಾಗಾಗಿ ಹಮಾಲಿಗಳು, ಮೂಟೆ ಎಣಿಸುವ ಲೆಕ್ಕದಕ್ಕ, ಕ್ರೇನಿನವನು, ಎಲ್ಲರೂ ಟಾರ್ಪಾಲು ಹೊಲಿಯುವ ಷೆಡ್ಡಿಗೆ ಬಂದು ಸೇರಿಕೊಂಡಿದ್ದರು. ಒದ್ದೆ ಬಟ್ಟೆಯ ವಾಸನೆ, ಮೇಣ ಹಚ್ಚಿದ ದಾರದ ವಾಸನೆ, ಬೀಡಿಯ ಹೊಗೆ ಎಲ್ಲ ಒಟ್ಟಾಗಿ ಒಳಗೆ ಮೋಡದ ಹಾಗೆ ಕವಿದಿತ್ತು.

ಕ್ರೇನಿನವನು ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದ. ಜೊತೆಯವನು ಬೆನ್ನು ನೋವೆಂದು ಮಲಗಿದ ಮೇಲೆ ಎರಡೂ ಪಾಳಿ ಇವನ ತಲೆಗೇ ಬಿದ್ದಿತ್ತು. ಕೈ ಸುಮ್ಮನಿದ್ದರೂ ಬೆರಳುಗಳು ಕ್ರೇನಿನ ಹಿಡಿ ಹಿಡಿದ ಹಾಗೆಯೇ ಮಡಚಿಕೊಂಡಿದ್ದವು. ಬಿಡಿಸಿದರೂ ಮತ್ತೆ ತಾವಾಗಿಯೇ ಮಡಚಿಕೊಳ್ಳುತ್ತಿದ್ದವು.

"ಒಂದು ಗಳಿಗೆ ಕಣ್ಣು ಮುಚ್ಚಬಾರದೇನೋ?" ಎಂದಳು ಲೆಕ್ಕದಕ್ಕ.

"ನಾನು ಕಣ್ಣು ಮುಚ್ಚಿದ್ರೆ ಸಾಕು, ಮಳೆ ನಿಂತ್ಬಿಡುತ್ತೆ. ನನ್ನ ಹಣೆಬರಹ ನಂಗೆ ಗೊತ್ತಿಲ್ವಾ? ಬಿಡಕ್ಕ, ಸತ್ತ ಮೇಲೆ ಇದ್ದೇ ಇದೆಯಲ್ಲ ನಿದ್ದೆ."

ಹಮಾಲಿಗಳು ನಕ್ಕರು. ಮೂಲೆಯಲ್ಲಿ ಟಾರ್ಪಾಲನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದ ಹೊಲಿಗೆ ಅಜ್ಜಿ ಮಾತ್ರ ನಗಲಿಲ್ಲ. ಬಂದರಿನಲ್ಲಿ ಹಾಯಿ ಹಡಗುಗಳಿದ್ದ ಕಾಲದಲ್ಲಿ ಹಾಯಿ ಹೊಲಿಯುತ್ತಿದ್ದವಳು, ಈಗ ಲಾರಿಗಳಿಗೆ ಹೊದಿಸುವ ಟಾರ್ಪಾಲು ಹೊಲಿಯುತ್ತಿದ್ದಳು. ಬಾಯಿ ಸ್ವಲ್ಪ ಜೋರು. ಅವಳು ದಾರವನ್ನು ಹಲ್ಲಿನಿಂದ ಕಡಿದು, ಕನ್ನಡಕದ ಮೇಲಿನಿಂದ ಕ್ರೇನಿನವನನ್ನು ನೋಡಿದಳು.

"ಯಾರಪ್ಪಾ ಹೇಳಿದ್ದು ನಿಂಗೆ, ಸತ್ತೋರಿಗೆ ನಿದ್ದೆ ಬರುತ್ತೆ ಅಂತ?"

"ಶುರುವಾಯ್ತು ಅಜ್ಜಿದು," ಎಂದ ಒಬ್ಬ ಹಮಾಲಿ.

"ಬೇಡ ಅಂದ್ರೆ ಬಿಡು. ನನ್ನ ಕೆಲಸ ನಂಗಿದೆ. ನೀವೇ ಕೂತ್ಕೊಂಡು ಒಬ್ರ ಮುಖ ಒಬ್ರು ನೋಡ್ತಾ ಇರಿ."

ಆದರೆ ಅಷ್ಟರಲ್ಲಿ ಎಲ್ಲರೂ ಅವಳ ಕಡೆಗೆ ಸರಿದಿದ್ದರು. ಕ್ರೇನಿನವನು ಎದ್ದು ಹೋಗುವಷ್ಟು ತ್ರಾಣವಿಲ್ಲದೆ ಕೂತಲ್ಲೇ ಕೇಳತೊಡಗಿದ. ಅಜ್ಜಿ ಸೂಜಿಗೆ ಹೊಸ ದಾರ ಪೋಣಿಸಿಕೊಂಡಳು. ಹೊಲಿಯುತ್ತಲೇ ಹೇಳಿದಳು.

"ಆ ಹಡಗಿಗೆ ಏನೋ ಒಂದು ಚೆಂದದ ಹೆಸರಿತ್ತು, ಹಿಂದುಗಡೆ ಬರೆಸಿದ್ರು, ಅದನ್ನ ಯಾರೂ ಕೂಗ್ತಿರ್ಲಿಲ್ಲ. ಎಲ್ರೂ ಕರೀತಿದ್ದಿದ್ದು ಅತ್ತೆ ಅಂತ. ಯಾಕೆ ಅಂತೀರಾ? ಎಷ್ಟು ಮಾಡಿದ್ರೂ ಸಾಲ್ದು ಅನ್ನೋ ಪೈಕಿ ಅದು. ಬಣ್ಣ ಬಳಿದು ಮುಗಿಸಿದ್ರೆ ಹಗ್ಗ ಕಿತ್ಕೊಂಡು ಬರೋದು, ಹಗ್ಗ ಕಟ್ಟಿದ್ರೆ ಹಾಯಿ ಹರಿಯೋದು, ಹಾಯಿ ಹೊಲಿದು ಕೊಟ್ರೆ... ನಾನೇ ಹೊಲಿದಿದೀನಿ, ಇದೇ ಕೈಲಿ... ಅಷ್ಟರಲ್ಲಿ ತಳದಲ್ಲಿ ನೀರು. ನಂಗೆ ಮನೇಲಿ ಒಬ್ರು ಅತ್ತೆ, ಬಂದರಲ್ಲಿ ಇನ್ನೊಬ್ರು. ಮನೇಲಿದ್ದೋರು ಮಧ್ಯಾಹ್ನ ಆದ್ರೂ ಸ್ವಲ್ಪ ಮಲಗೋರು. ಈ ಅತ್ತೆಗೆ ಅದೂ ಇಲ್ಲ.

"ಎರಡು ಕಂಬದ ಹಡಗು, ಸ್ಕೂನರ್ ಅಂತಿದ್ರು. ಅಡಿಯಿಂದ ತುದೀವರೆಗೂ ಮರ. ವಯಸ್ಸಿದ್ದಾಗ ನೋಡಬೇಕಿತ್ತು ನೀವು, ಗಾಳಿ ಸಿಕ್ಕಿದ್ರೆ ಹಾರೋದು. ಆಗ ಮೇಲುದರ್ಜೆ ಸಾಮಾನೇ ತುಂಬ್ತಿದ್ರು, ಬಟ್ಟೆ, ಗಾಜು, ಪೀಠೋಪಕರಣ. ಆಮೇಲೆ ಇಂಜಿನ್ ಹಡಗು ಬಂದ್ವು ನೋಡಿ... ಅಲ್ಲಿಂದ ಇಳಿಮುಖ. ಬಟ್ಟೆ ಹೋಗಿ ಹೆಂಚು ಬಂತು, ಹೆಂಚು ಹೋಗಿ ಇಟ್ಟಿಗೆ, ಇಟ್ಟಿಗೆ ಹೋಗಿ ಉಪ್ಪು, ಈರುಳ್ಳಿ, ಗೊಬ್ಬರ. ಯಾರಿಗೂ ಬೇಡವಾದ್ದು ಅತ್ತೆಗೆ. ಹಡಗಿನ ಸಾಹುಕಾರ ಮಾತ್ರ ಬಿಡೋನಲ್ಲ, ಇನ್ನೊಂದು ಸಲ ಹೋಗಿಬರಲಿ, ಆಮೇಲೆ ದುರಸ್ತಿ ಮಾಡಿಸೋಣ ಅನ್ನೋನು. ಆ ಇನ್ನೊಂದು ಸಲ ಅನ್ನೋದು ಮುಗಿದಿದ್ದೇ ಇಲ್ಲ.

"ಈಗ ನೀವೊಂದು ತಿಳ್ಕೊಬೇಕು. ಮರದ ಹಡಗು ಅಂದ್ರೆ ಸೋರ್ತದೆ. ಹೊಸದೂ ಸೋರ್ತದೆ, ಹಳೇದು ಜಾಸ್ತಿ ಸೋರ್ತದೆ, ಅಷ್ಟೇ ವ್ಯತ್ಯಾಸ. ಹಲಗೆ ಹಲಗೆ ಸಂದಿಗೆ ಹತ್ತಿ ತುರುಕಿ ಡಾಂಬರು ಹುಯ್ದಿರ್ತಾರೆ, ಅಲೆ ಎತ್ತಿ ಕುಕ್ಕಿದಾಗ ಆ ಸಂದಿ ಬಾಯಿ ಬಿಡುತ್ತೆ. ಒಳಗೆ ಬಂದ ನೀರೆಲ್ಲ ತಳದಲ್ಲಿರೋ ಸಣ್ಣ ಸಣ್ಣ ಕಂಡಿಗಳಲ್ಲಿ ಹರಿದು ನಡುವಿನ ಒಂದು ಗುಂಡಿಗೆ ಬರಬೇಕು, ಗುಂಡಿಯಿಂದ ಪಂಪು ಎತ್ತಿ ಆಚೆ ಚೆಲ್ಲಬೇಕು. ಕರೆಂಟಿನ ಪಂಪು ಅಂದ್ಕೊಂಡ್ರಾ? ಮನುಷ್ಯರ ಪಂಪು! ಡೆಕ್ಕಿನ ಮೇಲೆ ಉದ್ದನೆ ಹಿಡಿ, ಈ ಕಡೆ ಒಬ್ಬ ಆ ಕಡೆ ಒಬ್ಬ, ಇವನು ಒತ್ತಿದ್ರೆ ಅವನು ಎತ್ತಬೇಕು. ಕಿರ್ರ್... ಧಬ್... ಕಿರ್ರ್... ಧಬ್. ಸರದಿ ಮೇಲೆ ಹೊಡೀಬೇಕು. ಸರದಿ ಬಂತು ಅಂದ್ರೆ ಊಟದ ತಟ್ಟೆ ಬಿಟ್ಟೇಳಬೇಕು.

"ಎಲ್ಲೀವರೆಗೆ ಹೊಡೀಬೇಕು? ಬಡಗಿ ಹೇಳೋವರೆಗೆ. ಹಡಗಿನಲ್ಲಿ ಒಬ್ಬ ಬಡಗಿ ಇರ್ತಿದ್ದ, ಅವನ ಹತ್ರ ಒಂದು ಕಬ್ಬಿಣದ ಕಡ್ಡಿ. ಅದಕ್ಕೆ ಸೀಮೆಸುಣ್ಣ ಬಳಿದು, ದಾರ ಕಟ್ಟಿ, ಕೊಳವೆಯೊಳಗಿಂದ ಆ ಗುಂಡಿಗೆ ಇಳಿಸೋದು, ಎತ್ತೋದು, ಸುಣ್ಣ ಎಲ್ಲೀವರೆಗೆ ನೆಂದಿದೆ ನೋಡೋದು. ನೆಂದಿಲ್ಲ ಅಂದ್ರೆ, 'ಒಣಗಿದೆ, ಮಲಗ್ರಪ್ಪ' ಅನ್ನೋದು. ಆ ಮಾತು ಬಡಗಿ ಬಾಯಿಂದಲೇ ಬರಬೇಕು. ಹಡಗು ನಡೆಸೋ ಯಜಮಾನ್ರು ಇದಾರಲ್ಲ, ಅವರು ಹೇಳಿದ್ರೂ ಪಂಪು ನಿಲ್ಲಿಸ್ತಿರ್ಲಿಲ್ಲ. ಅದು ಅವರಲ್ಲಿ ಮೊದಲಿಂದ ಬಂದ ಕಟ್ಟಲೆ.

"ಅತ್ತೆ ಹಡಗಿನ ಬಡಗಿ ಯಾರು ಗೊತ್ತಾ? ನಮ್ಮನೆಯವರು.

"ಒಳ್ಳೇ ಮನುಷ್ಯ. ಮಾತು ಕಮ್ಮಿ. ಮನೇಲಿ ಉಪ್ಪಿಲ್ಲ ಅಂದ್ರೂ ಹೂಂ ಅನ್ನೋರು, ಮನೆಗೆ ಬೆಂಕಿ ಬಿದ್ದಿದೆ ಅಂದ್ರೂ ಹೂಂ ಅಂತಿದ್ರೇನೋ. ಆದ್ರೆ ಆ ಕಡ್ಡಿ ವಿಷಯದಲ್ಲಿ ಮಾತ್ರ ಒಂದೆಳೆ ಆಚೀಚೆ ಇಲ್ಲ. ಕಡ್ಡಿ ತುದಿ ಒಂಚೂರು ನೆಂದಿದ್ರೂ 'ಹೊಡೀರಿ' ಅನ್ನೋರು. ಹುಡುಗ್ರು ಬೈಕೊಳ್ಳೋರು. ಅಡುಗೆಯವನು ಅಂತೂ, ದಪ್ಪನೆ ಆಸಾಮಿ, ಕೈತುಂಬಾ ಸುಟ್ಟ ಗಾಯ, ಬಂದಾಗೆಲ್ಲ ನಮ್ಮನೇಲೇ ಊಟ ಅವನಿಗೆ, 'ಅತ್ತಿಗೆ, ಈ ಮನುಷ್ಯಂಗೆ ಒಂದ್ಸಲ ಸುಳ್ಳು ಹೇಳೋದು ಕಲಿಸಿಕೊಡಿ, ಪುಣ್ಯ ಬರುತ್ತೆ' ಅನ್ನೋನು. ಬೈಕೊಂಡ್ರೂ ಅವರೆಲ್ಲ ನೆಮ್ಮದಿಯಾಗಿ ಮಲಗ್ತಿದ್ದಿದ್ದು ಅದೇ ಮಾತು ನಂಬ್ಕೊಂಡು. ಬಡಗಣ್ಣ ಒಣಗಿದೆ ಅಂದ ಅಂದ್ರೆ ಒಣಗಿದೆ, ಅಷ್ಟೇ.

"ಕೊನೇ ಸಲ ತುಂಬಿದ್ದು ಒಣ ಬಟಾಣಿ. ಮೂಟೆ ಮೂಟೆ ಬಟಾಣಿ. ಹಗುರ ಸರಕು, ಗಲೀಜಿಲ್ಲ, ವಾಸನೆ ಇಲ್ಲ ಅಂತ ಎಲ್ರೂ ಖುಷಿಯಾಗೇ ಹೋದ್ರು. ಗೋಣಿ ಮಾತ್ರ ಹಳೇವು... ಸಾಹುಕಾರಂದಲ್ವಾ, ಇನ್ನೆಂಥವಿರ್ತವೆ? ನಡುದಾರೀಲಿ ಗಾಳಿ ಹಿಡೀತು. ಗಾಳಿ ಅಂದ್ರೆ ಒಂದು ಹಗಲು ಒಂದು ರಾತ್ರಿ ಅಲ್ಲ, ಬಿಡ್ತು ಅನ್ನೋಷ್ಟರಲ್ಲಿ ಮತ್ತೆ ಹಿಡಿಯೋದು. ಅತ್ತೆ ಮೈಯೆಲ್ಲ ಬಾಯಿ ಬಿಟ್ಕೊಂಡ್ಳು. ಪಂಪು ಹೊಡೀತಾ ಹೊಡೀತಾ ದಿನ ಯಾವುದು ಅನ್ನೋದೇ ಮರೆತುಹೋಯ್ತಂತೆ. ಅಂಗೈ ಚರ್ಮ ಹಿಡಿಗೆ ಅಂಟ್ಕೊಂಡು ಬರೋದಂತೆ. ನಿಂತಲ್ಲೇ ನಿದ್ದೆ. ಈ ಕಡೆಯೋನು ಮಲಗಿದಾನೆ, ಆ ಕಡೆಯೋನೂ ಮಲಗಿದಾನೆ, ಪಂಪು ಮಾತ್ರ ಹೊಡೀತಾನೇ ಇದೆ... ಹಾಗೆ. ಯಜಮಾನ್ರೂ ಕೈ ಹಾಕಿದ್ರು, ನಮ್ಮನೆಯವರೂ ಕೈ ಹಾಕಿದ್ರು. ಗಳಿಗೆಗೊಂದ್ಸಲ ಕಡ್ಡಿ ಇಳಿಸೋರು, ನೋಡೋರು, 'ಹೊಡೀರಿ' ಅನ್ನೋರು. ಆಮೇಲಾಮೇಲೆ ಹೇಳೋಕೂ ಬಾಯಿ ಬರ್ತಿರ್ಲಿಲ್ವಂತೆ, ತಲೆ ಅಲ್ಲಾಡಿಸೋರಂತೆ.

"ಹೀಗಿದ್ದಾಗ ಒಂದು ಸಂಜೆ... ಪಂಪು ಗೊರ್ ಅಂತು. ನೀರಿಲ್ದೆ ಗಾಳಿ ಎಳೀತು. ಎಲ್ರೂ ಬಡಗಿ ಮುಖ ನೋಡಿದ್ರು. ಇವರು ಕಡ್ಡಿ ಒರೆಸಿ, ಸುಣ್ಣ ಬಳಿದು, ಇಳಿಸಿದ್ರು. ಎತ್ತಿದ್ರು. ಒಣಗಿದೆ! ನಂಬೋಕಾಗ್ದೆ ಮತ್ತೆ ಇಳಿಸಿದ್ರು. ಮತ್ತೆ ಒಣಗಿದೆ. ತುದೀಲಿ ಒಂದು ಹನಿ ಇಲ್ಲ. ಗಾಳಿ ಕಮ್ಮಿಯಾಗಿದೆ, ಸಂದಿಗಳು ಮುಚ್ಕೊಂಡಿರಬೇಕು ಅಂದ್ಕೊಂಡ್ರು. ಅವರಾದ್ರೂ ಏನು ಮಾಡ್ತಾರೆ ಹೇಳಿ? ಕಡ್ಡಿ ಯಾವತ್ತೂ ಸುಳ್ಳು ಹೇಳಿರ್ಲಿಲ್ಲ. ಹೇಳಿದ್ರು, 'ಒಣಗಿದೆ. ಮಲಗ್ರಪ್ಪ.'

"ಅಡುಗೆಯವನು ಅತ್ತುಬಿಟ್ನಂತೆ."

ಅಜ್ಜಿ ಸೂಜಿಯನ್ನು ಟಾರ್ಪಾಲಿಗೆ ಚುಚ್ಚಿಟ್ಟು, ಅಂಗೈಗೆ ಕಟ್ಟಿದ್ದ ಚರ್ಮದ ಪಟ್ಟಿಯನ್ನು ಸಡಿಲ ಮಾಡಿಕೊಂಡಳು. ಕ್ರೇನಿನವನಿಗೆ ಆ ಅಳು ಚೆನ್ನಾಗಿ ಅರ್ಥವಾಗಿತ್ತು. ಇಂದು ಮಧ್ಯಾಹ್ನ ಮಳೆ ಬಂದು ಕೆಲಸ ನಿಂತಾಗ ಅವನ ಕಣ್ಣಲ್ಲೂ ನೀರು ಬಂದಿತ್ತು. ಬೆವರು ಎಂದು ಒರೆಸಿಕೊಂಡಿದ್ದ.

"ಇಲ್ಲಿ ಯಾರಾದ್ರೂ ಬಟಾಣಿ ನೆನೆ ಹಾಕಿದೀರಾ?" ಎಂದು ಅಜ್ಜಿ ಮತ್ತೆ ಶುರು ಮಾಡಿದಳು. "ಲೆಕ್ಕದಕ್ಕ ಹಾಕಿರ್ತಾಳೆ. ಗಂಡಸರು ತಿಂದಿರ್ತೀರಿ ಅಷ್ಟೇ. ಒಂದು ಪಾವು ಬಟಾಣಿ ನೀರಿಗೆ ಹಾಕಿ, ಮುಚ್ಚಳ ಬಿಗಿಯಾಗಿ ಮುಚ್ಚಿ ಮಲಗಿ. ಬೆಳಗ್ಗೆ ಎದ್ದು ನೋಡಿದ್ರೆ ಏನಾಗಿರುತ್ತೆ? ಮುಚ್ಚಳ ಎತ್ಕೊಂಡು ಕೂತಿರುತ್ತೆ! ಆ ಹಡಗಿನಲ್ಲಿ ಅಡುಗೆಯವನಿಗೊಬ್ಬನಿಗೆ ಮಾತ್ರ ಅದು ಗೊತ್ತಿತ್ತು, ಪಾಪ, ಅವನಿಗೆ ಆ ಹೊತ್ತಿಗೆ ತನ್ನ ಹೆಸರೂ ನೆನಪಿರ್ಲಿಲ್ಲ. ಹಳೇ ಗೋಣಿ ಹರಿದು, ಬಟಾಣಿ ತಳಕ್ಕೆ ಸುರಿದು, ನೀರು ಹರಿಯೋ ಕಂಡಿಗಳನ್ನೆಲ್ಲ ಬಿರಡೆ ಹಾಕಿದ ಹಾಗೆ ಮುಚ್ಚಿಬಿಟ್ಟಿತ್ತು. ಗುಂಡಿಗೆ ನೀರು ಬರ್ತಿಲ್ಲ, ಅದಕ್ಕೇ ಕಡ್ಡಿ ಒಣಗಿದೆ. ಹಡಗಿನ ಮಿಕ್ಕ ಹೊಟ್ಟೇಲಿ? ತುಂಬಾ ನೀರು. ಬಟಾಣಿ ಕುಡೀತಾ ಇದೆ, ಉಬ್ತಾ ಇದೆ. ಮೇಲೆ ಇವರೆಲ್ಲ ಮಲಗಿದಾರೆ.

"ಎಲ್ರೂ ಕೆಳಗಿನ ಕೋಣೇಲಿ ಸತ್ತೋರ ಹಾಗೆ ಬಿದ್ಕೊಂಡ್ರು. ಯಜಮಾನ್ರು ಚುಕ್ಕಾಣಿಗೆ ಒರಗಿ ಅಲ್ಲೇ ತೂಕಡಿಸಿದ್ರು. ನಮ್ಮನೆಯವರ ಹಾಸಿಗೆ ಒದ್ದೆಯಾಗಿತ್ತು, ಅದಕ್ಕೆ ಡೆಕ್ಕಿನ ಮೇಲಿದ್ದ ಸಣ್ಣ ದೋಣಿಯೊಳಗೆ ಹೋಗಿ ಮುದುರಿಕೊಂಡ್ರು. ಜನ್ಮದಲ್ಲೇ ಅಂಥ ನಿದ್ದೆ ಮಾಡಿರ್ಲಿಲ್ಲ ಅಂತಿದ್ರು. ಎಚ್ಚರ ಆಗಿದ್ದು ನಸುಕಿನಲ್ಲಿ, ಹಲಗೆ ಸೀಳೋ ಸದ್ದಿಗೆ. ಹೊರಗಿನ ನೀರು ಮುಳುಗಿಸಿದ್ದಲ್ಲ ಅತ್ತೇನ, ಒಳಗಿನ ಬಟಾಣಿ ಒಡೆದಿದ್ದು. ಡೆಕ್ಕು ಉಬ್ಬಿ ಮೇಲಕ್ಕೆದ್ದಿದೆ, ಪಕ್ಕೆ ಬಿರಿದಿದೆ, ಸಮುದ್ರ ಒಳಗೆ ನುಗ್ತಾ ಇದೆ. ಸಣ್ಣ ದೋಣಿ ಆಗಲೇ ನೀರ ಮೇಲೆ ತೇಲ್ತಿತ್ತು. ಮತ್ತೆ... ಕೆಳಗಿನ ಕೋಣೆ ಬಾಗಿಲು ಇದೆಯಲ್ಲ, ಡೆಕ್ಕು ಎದ್ದಿದ್ದಕ್ಕೆ ಚೌಕಟ್ಟಿಗೆ ಕಚ್ಕೊಂಡುಬಿಟ್ಟಿತ್ತು. ಒಳಗಿಂದ ಬಡೀತಿದ್ರು. ಆ ಬಾಗಿಲು ಮಾಡಿದ್ದೂ ಇವರೇ. ಗಟ್ಟಿಯಾಗಿ ಮಾಡಿದ್ರು. ದೋಣಿಯಿಂದ ಕೈ ಚಾಚಿದ್ರು, ಇನ್ನೇನು ಸಿಗಬೇಕು ಹಡಗಿನ ಅಂಚು, ಒಂದು ಅಲೆ ಬಂದು ದೋಣೀನ ಆ ಕಡೆಗೆ ತಳ್ಳಿಬಿಡ್ತು.

"ಮೀನಿನ ದೋಣಿಯೋರು ಇವರನ್ನ ಎತ್ಕೊಂಡಾಗ ಸುತ್ತ ಸಮುದ್ರದ ತುಂಬಾ ಉಬ್ಬಿದ ಬಟಾಣಿ ತೇಲ್ತಿತ್ತಂತೆ. ಅದನ್ನ ನೋಡಿದ ಮೇಲೇ ಇವರಿಗೆ ಅರ್ಥ ಆಗಿದ್ದು. ಬೇರೆ ಯಾರೂ ಸಿಗ್ಲಿಲ್ಲ.

"ಮನೆಗೆ ಬಂದ್ರು. ಯಾರೂ ಒಂದು ಮಾತು ಅನ್ನಲಿಲ್ಲ, ಅದೇ ಕಷ್ಟ ಆಯ್ತು ಅವರಿಗೆ. ಸಮುದ್ರ ಬಿಟ್ರು, ಊರೊಳಗೆ ಕಿಟಕಿ ಬಾಗಿಲು ಮಾಡಿಕೊಂಡಿದ್ರು. ಬಾಗಿಲು ಮಾಡಿದ್ರೆ ಸಡಿಲವಾಗೇ ಮಾಡೋರು, ಜನ ಬೈಯೋರು. ಮೊದಲನೇ ಮಳೆಗಾಲ ಬಂತು. ಒಂದಿನ ಹೊತ್ತು ಮುಳುಗೋ ಸಮಯ, ನಾನು ಅಕ್ಕಿ ಆರಿಸ್ತಾ ಕೂತಿದೀನಿ, ಯಾರೋ ಬಾಗಿಲು ತಟ್ಟಿದ್ರು. ತೆಗೆದ್ರೆ ಅಡುಗೆಯವನು. ತಲೆಯಿಂದ ನೀರು ಸುರೀತಿದೆ. ನಂಗೆ ಎಷ್ಟು ಅಭ್ಯಾಸ ಅಂದ್ರೆ, 'ಅಯ್ಯೋ, ಯಾಕಪ್ಪ ಹೀಗೆ ನೆಂದಿದೀಯ, ಒಳಗೆ ಬಾ, ತಲೆ ಒರೆಸ್ಕೋ' ಅಂದುಬಿಟ್ಟೆ. ಅಂದ ಮೇಲೆ ನೆನಪಾಯ್ತು.

"ಅವನು ಒಳಗೆ ಬರ್ಲಿಲ್ಲ. 'ಅತ್ತಿಗೆ, ಬಡಗಣ್ಣ ಇದಾನಾ? ಒಣಗಿದೆಯಾ ಅಂತ ಕೇಳ್ಕೊಂಡು ಬಾ ಅಂದ್ರು ಯಜಮಾನ್ರು' ಅಂದ. ಅಷ್ಟೇ. ಕೈ ನೋಡಿದೆ... ಅಂಗೈ ಅನ್ನೋದೇ ಇಲ್ಲ, ಬೆಳ್ಳಗೆ, ನೆಂದು ನೆಂದು. ಹೆದರಿಕೆ ಆಯ್ತು, ಸುಳ್ಳು ಯಾಕೆ ಹೇಳ್ಲಿ? ಆದ್ರೆ ನೋಡಿ, ಕೇಳಿ ಉತ್ತರಕ್ಕೆ ಕಾಯ್ತಾ ನಿಂತೋನು, ಹಾಗೇ ಬಾಗಿಲ ಪಟ್ಟಿಗೆ ಒರಗಿ, ಕಣ್ಣು ಮುಚ್ಚಿ ತೂಕಡಿಸಿಬಿಟ್ಟ. ದೆವ್ವ ತೂಕಡಿಸೋದು ನೋಡಿದೀರಾ ಎಲ್ಲಾದ್ರೂ? ನನ್ನ ಹೆದರಿಕೆ ಅಲ್ಲೇ ಅರ್ಧ ಇಳಿದುಹೋಯ್ತು. ಒಳಗೆ ನೋಡಿದ್ರೆ ಇವರು ಕಂಬಳಿ ತಲೆ ಮೇಲೆ ಎಳ್ಕೊಂಡು ಗೋಡೆ ಕಡೆ ತಿರುಗಿದಾರೆ. ಅವನಿಗೆ ತಾನೇ ಎಚ್ಚರ ಆಯ್ತು. 'ಸರಿ ಅತ್ತಿಗೆ, ನನ್ನ ಸರದಿ ಬಂತು' ಅಂತ ಹೊರಟ. ಅವನು ಹೋದ ಮೇಲೆ ನೆಲದ ಕೆಳಗಿಂದ ಕೇಳಿಸ್ತು. ಕಿರ್ರ್... ಧಬ್... ಕಿರ್ರ್... ಧಬ್...

"ಆಮೇಲೆ ಪ್ರತಿ ಮಳೆಗಾಲ. ಯಾರಿಗೆ ಸರದಿ ಇರಲ್ವೋ ಅವರು ಬರೋರು. ಬೈಯೋದಿಲ್ಲ, ಹೆದರಿಸೋದಿಲ್ಲ. 'ಒಣಗಿದೆಯಾ?' ಅಷ್ಟೇ. ಅವರಿಗೆ ಬೇಕಿದ್ದಿದ್ದು ಆ ಒಂದು ಮಾತು, ಬಡಗಿ ಬಾಯಿಂದ. ಅದು ಸಿಗೋವರೆಗೆ ಪಂಪು ಬಿಡೋ ಹಾಗಿಲ್ಲ, ಮಲಗೋ ಹಾಗಿಲ್ಲ. ಸತ್ತು ಸಮುದ್ರದ ತಳ ಸೇರಿದಾರೆ, ಅಲ್ಲೂ ಪಂಪು ಹೊಡೀತಿದಾರೆ! ಸಮುದ್ರ ಯಾವತ್ತು ಒಣಗುತ್ತೆ ಹೇಳಿ?

"ನಾನು ಇವರಿಗೆ ಹೇಳಿದೆ, ಬೇಡ್ಕೊಂಡೆ, ಜಗಳ ಆಡಿದೆ. 'ಹೇಳಿಬಿಡಿ, ನಿಮ್ಮ ಗಂಟೇನು ಹೋಗುತ್ತೆ? ಒಣಗಿದೆ ಮಲಗ್ರಪ್ಪ ಅನ್ನಿ, ಹೋಗಿ ಮಲಗ್ತಾರೆ. ನೀವೂ ಮಲಗಿ.' ಯಾಕಂದ್ರೆ ಇವರಿಗೂ ನಿದ್ದೆ ಇರ್ಲಿಲ್ಲ. ಕಣ್ಣು ಮುಚ್ಚಿದ್ರೆ ಕೈ ಎರಡೂ ಮೇಲೆ ಕೆಳಗೆ ಆಡೋದು. ಬೆಳಗ್ಗೆ ನೋಡಿದ್ರೆ ಅಂಗೈ ತುಂಬಾ ಬೊಬ್ಬೆ. ನಾನು ಎಣ್ಣೆ ಹಚ್ಚೋದು, ರಾತ್ರಿ ಮತ್ತೆ ಅದೇ. ಮನುಷ್ಯ ಕಣ್ಣೆದುರಿಗೇ ಸವೆದು ಸವೆದು ಕಡ್ಡಿಯಾದ್ರು.

"ಒಂದಿನ ಬಾಯಿ ಬಿಟ್ರು. 'ಅವತ್ತು ಹಾಗಂದಿದ್ದಕ್ಕೆ ಸತ್ರು. ಇವತ್ತು ಅದೇ ಮಾತು ಮತ್ತೆ ಹೇಳ್ಲಾ?' ಅಂದ್ರು. 'ಸತ್ತೋರು ಇನ್ನೇನು ಸಾಯ್ತಾರೆ?' ಅಂದೆ. 'ನಿಂಗೊತ್ತಾ?' ಅಂದ್ರು. 'ಪಂಪು ಹೊಡೀತಿದಾರೆ ಅಂದ್ರೆ ಅವರ ಲೆಕ್ಕದಲ್ಲಿ ಹಡಗು ಇನ್ನೂ ಮುಳುಗಿಲ್ಲ. ನಾನು ಹೇಳಿದ ತಕ್ಷಣ ಮುಳುಗುತ್ತೆ. ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ ಕಣೇ.' ಏನು ಹೇಳ್ತೀರಿ ಇದಕ್ಕೆ? ನಂಗೆ ಸಿಟ್ಟು ಬಂತು, ಅಳು ಬಂತು. ಎದ್ದು ಹೋಗಿ ಒಲೆ ಹಚ್ಚಿದೆ.

"ಹೀಗೇ ವಯಸ್ಸಾಯ್ತು ಇಬ್ರಿಗೂ. ಕೊನೆಗೊಂದು ಮಳೆಗಾಲದಲ್ಲಿ ಇವರು ಹಾಸಿಗೆ ಹಿಡಿದ್ರು. ಡಾಕ್ಟ್ರು ಬಂದು ನೋಡಿ, ನನ್ನ ಕಡೆ ನೋಡದೆ ಚೀಲ ಕಟ್ಕೊಂಡು ಹೋದ್ರು. ಅವತ್ತು ಸಂಜೆ ಬಾಗಿಲು ತಟ್ಟಿದ್ರು. ತೆಗೆದೆ. ಒಬ್ಬರಲ್ಲ... ಎಲ್ರೂ. ಯಜಮಾನ್ರು ಮುಂದೆ, ಟೋಪಿ ಕೈಲಿ ಹಿಡ್ಕೊಂಡಿದಾರೆ. ಅಡುಗೆಯವನು, ಮಿಕ್ಕೋರೆಲ್ಲ ಹಿಂದೆ. ಮೊದಲನೇ ಸಲ ಒಳಗೆ ಬಂದ್ರು, ಮಂಚದ ಸುತ್ತ ನಿಂತ್ರು. ಮನೆಯೆಲ್ಲ ಉಪ್ಪುನೀರು. ನಾನು ಸೆರಗು ಬಾಯಿಗೆ ಒತ್ಕೊಂಡು ಮೂಲೇಲಿ ನಿಂತೆ. ಆಗ ಗೊತ್ತಾಯ್ತು, ನೆಲದ ಕೆಳಗೆ ಸದ್ದಿಲ್ಲ.

"ಇವರು ಕಣ್ಣು ಬಿಟ್ರು. ಎಲ್ಲರ ಮುಖ ಒಂದೊಂದಾಗಿ ನೋಡಿದ್ರು. 'ಪಂಪಿನ ಹತ್ರ ಯಾರಿದಾರೆ?' ಅಂದ್ರು. ಯಜಮಾನ್ರು ಹೇಳಿದ್ರು, 'ಯಾರೂ ಇಲ್ಲ ಬಡಗಣ್ಣ. ಆಗ್ತಾ ಇಲ್ಲ. ಏನಿದೆಯೋ ಅದನ್ನ ಹೇಳು.'

"ನಾನು ಮನಸ್ಸಿನಲ್ಲೇ ಅಂತಿದೀನಿ, ಹೇಳಿ, ಹೇಳಿ, ಒಣಗಿದೆ ಅನ್ನಿ, ಈಗಲಾದ್ರೂ ಅನ್ನಿ. ಇವರು ಎದ್ದು ಕೂರೋಕೆ ನೋಡಿದ್ರು, ಆಗ್ಲಿಲ್ಲ. ಅಡುಗೆಯವನು ಆ ಬಿಳೀ ಕೈಯಿಂದ ಬೆನ್ನಿಗೆ ಆಸರೆ ಕೊಟ್ಟ. ಆಗ ಹೇಳಿದ್ರು. 'ಒಣಗಿಲ್ಲ. ಅವತ್ತೂ ಒಣಗಿರ್ಲಿಲ್ಲ. ಕಡ್ಡಿ ಸುಳ್ಳು ಹೇಳ್ತು, ನಾನು ನಂಬಿದೆ, ನೀವು ನನ್ನ ನಂಬಿದ್ರಿ. ಹಡಗು ಹೋಯ್ತು ಕಣ್ರಪ್ಪ. ಯಾವತ್ತೋ ಹೋಯ್ತು. ಇನ್ನು ಪಂಪು ಹೊಡೀಬೇಡಿ. ಬಿಟ್ಟು ಬನ್ನಿ.'

"ಅಷ್ಟೇ. ತಲೆ ಹಾಗೇ ಅಡುಗೆಯವನ ತೋಳಿನ ಮೇಲೆ ವಾಲ್ತು. ಹೋಗಿಬಿಟ್ರು.

"ನಾನು ಅಳಬೇಕಿತ್ತು ಆಗ. ಅಳೋಕೆ ಬಿಡಬೇಕಲ್ಲ? ಇಷ್ಟೂ ಜನ ಕೋಣೆ ತುಂಬಾ ನಿಂತಿದಾರೆ, ಏನು ಮಾಡಬೇಕು ಗೊತ್ತಿಲ್ಲ. ಇಷ್ಟು ವರ್ಷ ಪಂಪೊಂದೇ ಗೊತ್ತಿದ್ದಿದ್ದು, ಈಗ ಅದೂ ಇಲ್ಲ. ಕೂತ್ಕೊಳ್ಳೋದೂ ಮರೆತುಹೋಗಿದೆ ಅವರಿಗೆ. ಕೊನೆಗೆ ಅಡುಗೆಯವನು ಕೇಳಿದ, ಸಣ್ಣ ಮಗು ಕೇಳೋ ಹಾಗೆ, 'ಎಲ್ಲಿ ಮಲಗೋದು ಅತ್ತಿಗೆ?'

"ಎಲ್ಲಿಗೆ ಅಂತ ಕಳಿಸ್ಲಿ? ಅವರವರ ಮನೆಗೆ ಹೋಗಿ ಅನ್ಲಾ? ಒಬ್ಬನ ಹೆಂಡ್ತಿ ಬೇರೆ ಮದುವೆಯಾಗಿದ್ಲು, ಇನ್ನೊಬ್ಬನ ಮನೆ ಮಾರಿ ಹೋಗಿತ್ತು, ಮಕ್ಕಳಿಗೆ ಅಪ್ಪನ ಮುಖವೇ ಗೊತ್ತಿಲ್ಲ. ಯಾರು ಬಾಗಿಲು ತೆಗೀತಾರೆ? ನಾನಾಗ ಈ ಷೆಡ್ಡಿನಲ್ಲೇ ಕೆಲಸ ಮಾಡ್ತಿದ್ದೆ, ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಪಕ್ಕದ ಮನೆಯೋರನ್ನ ಕರೆದು ಇವರ ಹತ್ರ ಕೂರಿಸಿ, ಒಂದು ಗಳಿಗೆ ಬಂದೆ ಅಂತ ಹೇಳಿ, ಮಳೆಯಲ್ಲೇ ಹೊರಟೆ. ಅವರೆಲ್ಲ ನನ್ನ ಹಿಂದೆ. ಇಲ್ಲಿ ಈ ಅಟ್ಟದ ಮೇಲೆ ಹಳೇ ಹಾಯಿಗಳ ರಾಶಿ ಇತ್ತು, ಅತ್ತೆಯದೂ ಒಂದೆರಡು ಇದ್ದುವೇನೋ. ಏಣಿ ಹಾಕಿದೆ, ಹಾಯಿ ಬಿಡಿಸಿ ಉದ್ದಕ್ಕೂ ಹಾಸಿದೆ. ಕೆಳಗಿಳಿದು ಬಂದು, 'ಮೇಲೆ ಹತ್ತ್ರಪ್ಪ' ಅಂದೆ. ಒಬ್ಬೊಬ್ಬರಾಗಿ ಹತ್ತಿದ್ರು. ಯಜಮಾನ್ರು, ಅಡುಗೆಯವನು, ಹುಡುಗ್ರು... ಎಲ್ರೂ ಹತ್ತಿ ಆಯ್ತು, ಏಣಿ ತೆಗೆಯೋಣ ಅಂತ ಕೈ ಹಾಕ್ತೀನಿ, ಇನ್ನೊಬ್ರು ಹತ್ತುತ್ತಿದಾರೆ.

"ಯಾರು ಅಂತ ಕೇಳ್ತೀರಾ? ಅಲ್ಲಿ ಮಂಚದ ಮೇಲೆ ಬಿಟ್ಟು ಬಂದಿದ್ನಲ್ಲ... ಅವರೇ.

"ನನ್ನ ಪಕ್ಕದಲ್ಲೇ ಹತ್ತಿ ಹೋದ್ರು. ತಿರುಗಿ ಕೂಡ ನೋಡ್ಲಿಲ್ಲ. ಅಷ್ಟು ನಿದ್ದೆ ಪಾಪ ಅವರಿಗೆ. ಇಷ್ಟು ವರ್ಷ ಬಾಳಿದೋಳು ನಾನು, ಒಂದು ಮಾತು ಹೇಳ್ಬೇಕಿತ್ತು, ಸಿಟ್ಟೂ ಬಂತು. ಆದ್ರೆ ಕೂಗಿ ಕರೆಯೋಕೆ ಮನಸ್ಸು ಬರ್ಲಿಲ್ಲ. ಹೋಗಿ ಮಲಗಲಿ ಅಂತ ಸುಮ್ನಾದೆ. ಮೇಲೆ ಸ್ವಲ್ಪ ಹೊತ್ತು ಹಲಗೆ ಸದ್ದು, ಹಾಯಿ ಸರಿಸಿಕೊಳ್ಳೋ ಸದ್ದು. ಆಮೇಲೆ ಏನೂ ಇಲ್ಲ. ಮನೆಗೆ ಹೋದೆ, ಮಾಡೋದೆಲ್ಲ ಮಾಡಿದ್ವಿ, ಮಣ್ಣಿಗೆ ಇಟ್ಟು ಬಂದ್ವಿ. ಮಾರನೇ ದಿನದಿಂದ ಕೆಲಸ ಇರಲಿ ಬಿಡಲಿ ಇಲ್ಲೇ ಬಂದು ಕೂತಿರ್ತೀನಿ. ಮನೇಲಿ ಏನಿದೆ ನಂಗೆ?"

ಅಜ್ಜಿ ಮಾತು ನಿಲ್ಲಿಸಿ ಮತ್ತೆ ಹೊಲಿಯತೊಡಗಿದಳು. ಲೆಕ್ಕದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಮಾಲಿಗಳು ಒಬ್ಬೊಬ್ಬರಾಗಿ ಅಟ್ಟದ ಕಡೆ ಕತ್ತೆತ್ತಿ, ನೋಡಲಿಲ್ಲವೆಂಬಂತೆ ಕೆಳಗಿಳಿಸಿದರು. ಕ್ರೇನಿನವನಿಗೆ ಮೈ ಜುಮ್ಮೆಂದಿತು. ಅದನ್ನು ಮುಚ್ಚಿಕೊಳ್ಳಲು ಜೋರಾಗಿ ನಕ್ಕುಬಿಟ್ಟ.

"ಚೆನ್ನಾಗಿ ಹೆದರಿಸ್ತೀಯ ಅಜ್ಜಿ! ಮೇಲೆ ಯಾರಿದಾರೋ ನಾನೀಗಲೇ ಹತ್ತಿ ನೋ..."

"ಮೆತ್ತಗೆ!"

ಅಜ್ಜಿಯ ದನಿ ಅಷ್ಟು ಗಡಸಾಗಿದ್ದದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ತಲೆಯ ಮೇಲೆ, ಅಟ್ಟದ ಹಲಗೆ ಒಂದು ಕಿರುಗುಟ್ಟಿತು. ಬಟ್ಟೆ ಎಳೆದುಕೊಂಡ ಹಾಗೆ ಏನೋ ಸರಿಯಿತು. ಸ್ವಲ್ಪ ಹೊತ್ತಿನಲ್ಲಿ ಅದು ತಣ್ಣಗಾಯಿತು.

"ಮಗ್ಗುಲು ಬದಲಾಯಿಸ್ತಾರೆ ಅಷ್ಟೇ," ಎಂದಳು ಅಜ್ಜಿ, ಈಗ ತೀರ ಸಣ್ಣ ದನಿಯಲ್ಲಿ. "ನೀವು ಇಲಿ ಅಂತೀರಿ, ಅಂದ್ಕೊಳ್ಳಿ. ನಂಗೂ ಲೆಕ್ಕದಕ್ಕನಿಗೂ ಏನೂ ಭಯ ಇಲ್ಲ, ಆ ಹಡಗಲ್ಲಿ ಹೆಂಗಸರಿಗೆ ಸರದಿ ಹಾಕ್ತಿರ್ಲಿಲ್ಲ. ನಾನು ಹೇಳ್ತಿರೋದು ನಿಮಗೆ. ನಿದ್ದೆಯಿಂದ ಅರ್ಧಂಬರ್ಧ ಎದ್ದೋರಿಗೆ ಹಡಗು ಹೋಗಿದ್ದು ನೆನಪಿರುತ್ತಾ? ಕಣ್ಣು ಬಿಟ್ಟ ಕೂಡಲೇ ಅವರು ಕೇಳೋದು ಒಂದೇ, ಈಗ ಸರದಿ ಯಾರದು ಅಂತ. ಕೇಳಿ, ಹತ್ತಿರದಲ್ಲಿ ಯಾರ ಕೈ ಸಿಗುತ್ತೋ..."

ಅವಳು ಕ್ರೇನಿನವನ ಮಡಚಿಕೊಂಡ ಬೆರಳುಗಳನ್ನು ನೋಡಿದಳು.

"ನಿನ್ನ ಕೈ ಪಂಪಿನ ಹಿಡಿಗೆ ಹೇಳಿ ಮಾಡಿಸಿದ ಹಾಗಿದೆ ಮಗಾ. ಸುಮ್ನೆ ಕೂತ್ಕೋ."